ಹೊಸ ಸೈಕಲ್ಲಿನ ಪೆಡಲ್ ಕಳಚಿ ಮಗನ ಕೈ ಮುರಿಯಿತು. ಅಂಗಡಿಯವರು ಸೈಕಲ್ ವಾಪಸ್ ಕೇಳುತ್ತಿದ್ದಾರೆ, ಕೊಡಬಹುದಾ?

ಇಂದ್ರಾಳಿ ಟೈಲರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಇಂದ್ರಾಳಿಯವಳು. ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಯಜಮಾನರು ಮಸ್ಕತ್‌ನಲ್ಲಿದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ. ಈ ಶನಿವಾರದೊಳಗೆ ನಾನು ಅಂಗಡಿಯವರಿಗೆ ಒಂದು ಉತ್ತರ ಹೇಳಬೇಕು.

ಕಳೆದ ವರ್ಷ ಮೇ 24ಕ್ಕೆ ಮಗನಿಗೆ ಗೇರ್ ಸೈಕಲ್ ತೆಗೆದುಕೊಟ್ಟೆ. ಆಗ ಅವನು ಒಂಬತ್ತನೇ ಕ್ಲಾಸಿಗೆ ಹೋಗುವವನು, ಶಾಲೆ ಮಣಿಪಾಲದಲ್ಲಿ. ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗುವುದಕ್ಕಿಂತ ಸೈಕಲ್ ಒಳ್ಳೆಯದು ಅಂತ ನನಗೇ ಅನಿಸಿತ್ತು. ಸೈಕಲ್ಲಿಗೆ 13,800, ಫಿಟ್ಟಿಂಗ್ ಅಂತ 350. ಒಟ್ಟು 14,150 ರೂಪಾಯಿ ಫೋನಿನಲ್ಲೇ ಕಳಿಸಿದೆ. ಬಿಲ್ ಅಂದರೆ ಅರ್ಧ ಹಾಳೆ. ಅಂಗಡಿಯ ಸೀಲ್ ಉಂಟು, ಜಿಎಸ್‌ಟಿ ನಂಬರ್ ಇಲ್ಲ. ಸೈಕಲ್ಲನ್ನು ರಟ್ಟಿನ ಪೆಟ್ಟಿಗೆಯಿಂದ ತೆಗೆದು ನಮ್ಮ ಕಣ್ಣೆದುರಿಗೇ ಜೋಡಿಸಿದರು. ಶಾಲೆ ಶುರುವಾಗುವ ಹೊತ್ತು, ಅಂಗಡಿ ತುಂಬಾ ಜನ. ಒಬ್ಬನೇ ಕೆಲಸದವನು ಮೂರು ಸೈಕಲ್ಲು ಒಟ್ಟಿಗೆ ಇಟ್ಟುಕೊಂಡು ಫಿಟ್ ಮಾಡುತ್ತಿದ್ದ.

ಜೂನ್ 12ರ ಬೆಳಿಗ್ಗೆ. ಮಳೆ ಬಿಟ್ಟು ಎರಡು ದಿನ ಆಗಿತ್ತು, ರಸ್ತೆ ಒಣಗಿತ್ತು. ರೈಲ್ವೆ ಸೇತುವೆ ದಾಟಿ ಮಣಿಪಾಲದ ಕಡೆ ಏರು ಹತ್ತುವಾಗ ಮಗ ಸೀಟಿನಿಂದ ಎದ್ದು ನಿಂತು ತುಳಿದಿದ್ದಾನೆ. ಏರಿನಲ್ಲಿ ಎಲ್ಲ ಮಕ್ಕಳೂ ಹಾಗೇ ತುಳಿಯುವುದು. ಎಡಗಾಲಿನ ಪೆಡಲ್ ಒಮ್ಮೆಲೇ ಕಳಚಿ ಬಂತು. ಮುಖ ಹ್ಯಾಂಡಲ್ಲಿಗೆ ಬಡಿದು, ಎಡಗೈ ಊರಿ ಬಿದ್ದ. ಹಿಂದೆಯೇ ಇದ್ದ ಸಿಟಿ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ. ಆ ಪುಣ್ಯಾತ್ಮನ ಹೆಸರೂ ನನಗೆ ಗೊತ್ತಿಲ್ಲ.

ಮೊಣಕೈ ಕೆಳಗಿನ ಎರಡೂ ಮೂಳೆ ಮುರಿದಿತ್ತು. ಎರಡು ಪ್ಲೇಟ್ ಹಾಕಿದರು. ಮುಂದಿನ ಎರಡು ಹಲ್ಲು ಹೋಯಿತು. ಆಸ್ಪತ್ರೆಗೆ 1,12,000, ಹಲ್ಲಿಗೆ 18,000. ಇನ್ನು ಪ್ಲೇಟ್ ತೆಗೆಯುವ ಆಪರೇಷನ್ ಬಾಕಿ ಉಂಟು.

ನನ್ನ ತಮ್ಮ ಆಗಲೇ ಅಂಗಡಿಗೆ ಹೋಗಿ ಕೇಳಿದ್ದ. "ಹುಡುಗ ಸ್ಟಂಟ್ ಮಾಡಿರಬೇಕು" ಅಂದರು. ಕಂಪನಿಗೆ ಮೇಲ್ ಹಾಕಿದರೆ, ವಾರಂಟಿ ಫ್ರೇಮಿಗೆ ಮಾತ್ರ ಅಂತ ಉತ್ತರ. ಆಮೇಲೆ ಮಗನ ಆರೈಕೆ, ಫಿಸಿಯೋಥೆರಪಿ, ಹೊಲಿಗೆ ಕೆಲಸ ಅಂತ ಹನ್ನೊಂದು ತಿಂಗಳು ಕಳೆದೇ ಹೋಯಿತು. ಈಗ ಹೋದ ವಾರ ಅಂಗಡಿಯವರೇ ಫೋನ್ ಮಾಡಿದ್ದಾರೆ. ಸೈಕಲ್ ತಂದುಕೊಡಿ, ಹೊಸ ಕ್ರ್ಯಾಂಕ್ (ಪೆಡಲ್ ಸಿಕ್ಕಿಸುವ ತೋಳು), ಪೆಡಲ್ ಎಲ್ಲ ಪುಕ್ಕಟೆ ಹಾಕಿಕೊಡುತ್ತೇವೆ, ಹಳೆಯದನ್ನು ಕಂಪನಿಗೆ ಕಳಿಸುತ್ತೇವೆ, ಒಂದು ಕಾಗದಕ್ಕೆ ಸೈನ್ ಮಾಡಿದರೆ ಸಾಕು ಅಂತ.

ಸೈಕಲ್ ಅಂದಿನಿಂದ ಹಾಗೆಯೇ ಹಿಂದಿನ ಚಾವಡಿಯಲ್ಲಿ ಉಂಟು. ಯಾರೂ ಮುಟ್ಟಿಲ್ಲ. ಕಳಚಿದ ಪೆಡಲ್ ಮಗನ ಬ್ಯಾಗಿನಲ್ಲೇ ಇತ್ತು, ಬಸ್ಸಿನ ಕಂಡಕ್ಟರ್ ಹೆಕ್ಕಿ ಹಾಕಿದ್ದಂತೆ.

ಕೊಡಬಹುದಾ? ತಪ್ಪು ಅಂಗಡಿಯದ್ದಾ, ಕಂಪನಿಯದ್ದಾ? ಕೇಸು ಹಾಕಲು ತಡವಾಯಿತಾ? ಪಕ್ಕದ ಮನೆಯವರು "ಬಸ್ಸಿನ ಇನ್ಶೂರೆನ್ಸ್ ಮೇಲೆ ಹಾಕು, ಬೇಗ ಹಣ ಬರುತ್ತದೆ" ಅನ್ನುತ್ತಾರೆ. ನನಗೆ ಅದು ಸರಿ ಕಾಣುತ್ತಿಲ್ಲ.

ಬಂದರು ಸೈಕಲ್ ರಿಪೇರಿ

ಅಮ್ಮಾ, ನಾನು ಮಂಗಳೂರು ಬಂದರಿನಲ್ಲಿ 34 ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಿದ್ದೇನೆ. ಕಾನೂನು ನನಗೆ ಗೊತ್ತಿಲ್ಲ. ಪೆಡಲ್ ಗೊತ್ತುಂಟು.

ಪೆಡಲ್ ಕಳಚುವುದಕ್ಕೆ ಮೂರೇ ಕಾರಣ. ಒಂದು, ಒಳಗಿನ ಆಕ್ಸಲ್, ಅಂದರೆ ಪೆಡಲಿನ ನಡುವಿನ ಕಡ್ಡಿ, ತುಂಡಾಗುವುದು. ಹಾಗಾದರೆ ಅರ್ಧ ತುಂಡು ಕ್ರ್ಯಾಂಕಿನ ಒಳಗೇ ಉಳಿಯುತ್ತದೆ. ಎರಡು, ಗಟ್ಟಿ ಬಿಗಿ ಮಾಡದೆ ಬಿಟ್ಟು, ಓಡುತ್ತಾ ಸಡಿಲವಾಗಿ ಥ್ರೆಡ್ (ತಿರುಪಿನ ಗೆರೆ) ತಿಂದುಹೋಗುವುದು. ಮೂರು, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಒತ್ತಿ ಹಾಕುವುದು.

ಸೈಕಲ್ಲಿನ ಎರಡು ಪೆಡಲ್ ಒಂದೇ ಅಲ್ಲ. ಬಲದ್ದು ಎಲ್ಲ ಬೋಲ್ಟಿನ ಹಾಗೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಡದ್ದು ಉಲ್ಟಾ ಥ್ರೆಡ್, ಎಡಕ್ಕೆ ತಿರುಗಿಸಬೇಕು. ತುಳಿಯುತ್ತಾ ತುಳಿಯುತ್ತಾ ತಾನೇ ಬಿಚ್ಚಿಕೊಳ್ಳಬಾರದು ಅಂತ ಹಾಗೆ ಮಾಡಿದ್ದು. ಇದು ಗೊತ್ತಿಲ್ಲದವನು, ಅಥವಾ ಗೊತ್ತಿದ್ದೂ ಅವಸರದಲ್ಲಿರುವವನು, ಕೈಗೆ ಸಿಕ್ಕ ಪೆಡಲನ್ನು ಸಿಕ್ಕ ಕಡೆ ಇಟ್ಟು ಉದ್ದ ಸ್ಪ್ಯಾನರ್ ಹಾಕಿ ತಿರುಗಿಸುತ್ತಾನೆ. ಪೆಡಲಿನ ಆಕ್ಸಲ್ ಉಕ್ಕಿನದ್ದು. ನಿಮ್ಮಂಥ ಗೇರ್ ಸೈಕಲ್ಲುಗಳಲ್ಲಿ ಕ್ರ್ಯಾಂಕ್ ಹೆಚ್ಚಾಗಿ ಅಲ್ಯೂಮಿನಿಯಂ. ಉಕ್ಕು ಅಲ್ಯೂಮಿನಿಯಂ ಅನ್ನು ಕೊರೆದುಕೊಂಡು ಎರಡು ಮೂರು ಸುತ್ತು ಒಳಗೆ ಹೋಗಿ ಕಚ್ಚಿ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಬಿಗಿ ಇದ್ದ ಹಾಗೇ ಕಾಣುತ್ತದೆ. ಕೂತು ತುಳಿದರೆ ಕೆಲವು ದಿನ ನಡೆಯುತ್ತದೆ. ಏರಿನಲ್ಲಿ ನಿಂತು ಇಡೀ ಮೈ ಭಾರ ಹಾಕಿದ ದಿನ ಕಿತ್ತು ಬರುತ್ತದೆ.

ಈಗ ನೀವು ಎರಡು ಕೆಲಸ ಮಾಡಿ. ಒಂದು, ಕಳಚಿದ ಪೆಡಲ್ ಕೈಯಲ್ಲಿ ಹಿಡಿದು, ಥ್ರೆಡ್ ಇರುವ ಕಬ್ಬಿಣದ ಕಡ್ಡಿಯ ತುದಿ ನೋಡಿ. ಸ್ಪ್ಯಾನರ್ ಹಾಕುವ ಚಪ್ಪಟೆ ಜಾಗವನ್ನೂ ನೋಡಿ. ಒಂದು ಸಣ್ಣ ಇಂಗ್ಲಿಷ್ ಅಕ್ಷರ ಕುಟ್ಟಿರುತ್ತಾರೆ. ಎಲ್ ಅಂದರೆ ಎಡ, ಆರ್ ಅಂದರೆ ಬಲ. ಹೊಲಿಗೆಯವರು ನೀವು, ಸೂಜಿಗೆ ನೂಲು ಪೋಣಿಸುವ ಕಣ್ಣು ನಿಮ್ಮದು, ಕಂಡೇ ಕಾಣುತ್ತದೆ. ಎರಡು, ಥ್ರೆಡ್ಡಿನ ಸಂದಿಯಲ್ಲಿ ಬೆಳ್ಳಗೆ ಹೊಳೆಯುವ ಚೂರು ಸಿಕ್ಕಿಕೊಂಡಿದೆಯಾ ನೋಡಿ. ಆಮೇಲೆ ಸೈಕಲ್ಲಿನಲ್ಲಿ ಇರುವ ಬಲ ಪೆಡಲನ್ನೂ ಬಿಚ್ಚಿ ಅಕ್ಷರ ನೋಡಿದರೆ ಪೂರ್ತಿ ಗೊತ್ತಾಗುತ್ತದೆ.

ತುಕ್ಕು ಹಿಡಿದು ಹೋಯಿತು ಅಂತ ಹೇಳಿದರೆ ನಂಬಬೇಡಿ. ನಾನು ಸಮುದ್ರದ ಉಪ್ಪುಗಾಳಿಯಲ್ಲೇ ಕೂತು ಕೆಲಸ ಮಾಡುವವನು. 19 ದಿನಕ್ಕೆ ಪೆಡಲ್ ಕಿತ್ತು ಬರುವಷ್ಟು ತುಕ್ಕು ಎಲ್ಲಿಯೂ ಹಿಡಿಯುವುದಿಲ್ಲ.

ಇಂದ್ರಾಳಿ ಟೈಲರ್

ಅಣ್ಣಾ, ನೋಡಿದೆ. ಮೊದಲು ಕಾಣಲಿಲ್ಲ. ಹೊಲಿಗೆ ಮೆಷಿನ್ನಿನ ಲೈಟಿನ ಕೆಳಗೆ ಹಿಡಿದಾಗ ಕಂಡಿತು. ಕಡ್ಡಿಯ ತುದಿಯಲ್ಲಿ ಆರ್ ಅಂತ ಉಂಟು. ಮಗನನ್ನು ಕರೆದು ತೋರಿಸಿದೆ, ಅವನೂ ಆರ್ ಅಂತಲೇ ಓದಿದ. ಇದು ಎಡಗಾಲಿನ ಕಡೆ ಕಳಚಿದ ಪೆಡಲ್. ಅದರಲ್ಲಿ ಯಾವ ಸಂಶಯವೂ ಇಲ್ಲ. ಬಲಗಡೆಯದ್ದು ಈಗಲೂ ಸೈಕಲ್ಲಿನಲ್ಲೇ ಉಂಟು.

ಥ್ರೆಡ್ಡಿನ ಸಂದಿಯಲ್ಲಿ ಬೆಳ್ಳಿ ಜರಿ ನೂಲಿನ ಹಾಗೆ ಸುರುಳಿ ಸುರುಳಿ ಚೂರು ಉಂಟು. ಮೊದಲ ಮೂರು ಸುತ್ತಿನಲ್ಲಿ ಮಾತ್ರ. ಅದರ ಮೇಲಿನ ಥ್ರೆಡ್ ಹೊಚ್ಚ ಹೊಸದಾಗಿ, ಗ್ರೀಸ್ ಸಮೇತ ಹಾಗೇ ಉಂಟು.

ಕೈ ನಡುಗುತ್ತಿದೆ. ನನ್ನ ಮಗ ಏನೋ ಮಂಗನಾಟ ಮಾಡಿರಬಹುದು ಅಂತ ಹನ್ನೊಂದು ತಿಂಗಳು ನನಗೂ ಒಳಗೊಳಗೆ ಅನಿಸುತ್ತಿತ್ತು. ಒಂದೆರಡು ಸಲ ಅವನಿಗೆ ಬೈದೂ ಇದ್ದೇನೆ.

ಬಲದ ಪೆಡಲ್ ಬಿಚ್ಚಲು ತಮ್ಮನಿಗೆ ಹೇಳಲಾ?

ಉಡುಪಿ ವಕೀಲ

ಅಕ್ಕಾ, ಬೇಡ. ಬಲದ ಪೆಡಲಿಗೆ ಸ್ಪ್ಯಾನರ್ ಮುಟ್ಟಿಸಲೇ ಬೇಡಿ. ರಿಪೇರಿ ಅಣ್ಣ ಹೇಳಿದ್ದು ಕೆಲಸದ ದೃಷ್ಟಿಯಿಂದ ಸರಿ. ಆದರೆ ನಾಳೆ ಎದುರು ಪಕ್ಷದವರು "ಇವರೇ ಬಿಚ್ಚಿ ಅದಲುಬದಲು ಮಾಡಿದ್ದಾರೆ" ಅಂತ ಒಂದು ಮಾತು ಹೇಳಿದರೆ, ನಿಮ್ಮ ಕೈಯಲ್ಲಿರುವ ಚಿನ್ನದಂಥ ಸಾಕ್ಷಿ ಮಸುಕಾಗುತ್ತದೆ. ಬಿಚ್ಚಬೇಕಾದವರು ಬಿಚ್ಚುತ್ತಾರೆ, ಬಿಚ್ಚಬೇಕಾದ ಜಾಗದಲ್ಲಿ. ಬಿಚ್ಚದೆಯೇ ಅಕ್ಷರ ಕಂಡರೆ ಫೋಟೋ ತೆಗೆಯಿರಿ.

ಮೊದಲ ಪ್ರಶ್ನೆಗೆ ಉತ್ತರ: ಸೈಕಲ್ ಕೊಡಬೇಡಿ. ಕಾಗದಕ್ಕೆ ಸೈನ್ ಮಾಡಬೇಡಿ. ಹನ್ನೊಂದು ತಿಂಗಳು ಸುಮ್ಮನಿದ್ದವರು ಈಗ ಪುಕ್ಕಟೆ ಕ್ರ್ಯಾಂಕ್ ಹಾಕಿಕೊಡುತ್ತೇವೆ ಅನ್ನುವಾಗ, ಹಳೆಯ ಕ್ರ್ಯಾಂಕ್ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ.

ತಡ ಆಗಿಲ್ಲ. ಗ್ರಾಹಕರ ಕೋರ್ಟಿಗೆ ಹೋಗಲು ಎರಡು ವರ್ಷ ಸಮಯ ಉಂಟು, 2019ರ ಗ್ರಾಹಕ ಕಾಯ್ದೆಯ 69ನೇ ಸೆಕ್ಷನ್. ನಿಮ್ಮ ಲೆಕ್ಕ ಕಳೆದ ಜೂನ್ 12ರಿಂದ. ಹಾಗಂತ ಮುಂದಿನ ವರ್ಷದವರೆಗೆ ಕಾಯಬೇಡಿ. ನೋಡಿದವರಿಗೆ ಮರೆತು ಹೋಗುತ್ತದೆ, ಅಂಗಡಿಯ ಕೆಲಸದವನು ಊರು ಬಿಡುತ್ತಾನೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ತಪ್ಪು ಯಾರದ್ದು ಅಂತ. ಹಳೆಯ 1986ರ ಕಾನೂನಿನಲ್ಲಿ ಇದಕ್ಕೆ ಬೇರೆ ಅಧ್ಯಾಯ ಇರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಅದರಲ್ಲಿ 82ರಿಂದ 87ರವರೆಗಿನ ಸೆಕ್ಷನ್‌ಗಳು ಪೂರ್ತಿ ಇದಕ್ಕೇ ಮೀಸಲು. ದೋಷ ಇರುವ ವಸ್ತುವಿನಿಂದ ಮೈಗೆ ಪೆಟ್ಟಾದರೆ ಯಾರು ಪರಿಹಾರ ಕೊಡಬೇಕು ಅಂತ. 84 ತಯಾರಿಸಿದ ಕಂಪನಿಯ ಬಗ್ಗೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಸರಿಯಾದ ಸೂಚನೆ ಎಚ್ಚರಿಕೆ ಕೊಡದಿರುವುದು, ಇವೆಲ್ಲ ಅದರಲ್ಲಿ ಬರುತ್ತವೆ. 86 ಮಾರುವವರ ಬಗ್ಗೆ. ಅಂಗಡಿಯವರು ಸುಮ್ಮನೆ ಮಾರಿದ ಮಾತ್ರಕ್ಕೆ ಹೊಣೆ ಆಗುವುದಿಲ್ಲ. ಆದರೆ ವಸ್ತುವನ್ನು ಜೋಡಿಸುವಾಗ, ಪರೀಕ್ಷಿಸುವಾಗ ಬೇಕಾದಷ್ಟು ಜಾಗ್ರತೆ ವಹಿಸದೆ, ಅದರಿಂದಲೇ ಪೆಟ್ಟಾಗಿದ್ದರೆ ಅವರು ಹೊಣೆ. ಕಾನೂನಿನಲ್ಲಿ ಈ ಜೋಡಿಸುವ ಮಾತನ್ನು ಬಿಡಿಸಿ ಬರೆದಿದ್ದಾರೆ.

ಅಕ್ಕಾ, ನಿಮ್ಮ ಅರ್ಧ ಹಾಳೆ ಬಿಲ್ಲಿನಲ್ಲಿ ನನಗೆ ಮುಖ್ಯ ಕಾಣುವುದು 13,800 ಅಲ್ಲ, ಆ 350. ಫಿಟ್ಟಿಂಗ್ ಅಂತ ಬರೆದು ಹಣ ತೆಗೆದುಕೊಂಡಿದ್ದಾರೆ. ಜೋಡಿಸಿದ್ದು ನಾವಲ್ಲ ಅಂತ ಅವರು ಹೇಳುವ ಹಾಗಿಲ್ಲ. ಅದು ಹಣ ಕೊಟ್ಟು ಪಡೆದ ಸೇವೆ ಕೂಡ, ಸೇವೆಯಲ್ಲಿ ಲೋಪ ಅಂತಲೂ ಕೇಳಬಹುದು. ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಸರಿಯಾದ ಬಿಲ್ ಕೊಡದಿರುವುದೂ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ನಿಮ್ಮ ಫೋನಿನ ಪಾವತಿ, ಸೀಲ್ ಎರಡೂ ಇರುವುದರಿಂದ ಖರೀದಿ ತೋರಿಸಲು ಕಷ್ಟವಿಲ್ಲ.

ಹಾಗಂತ ಕಂಪನಿಯನ್ನು ಬಿಡಬೇಡಿ. ಇಬ್ಬರನ್ನೂ ಎದುರುದಾರರಾಗಿ ಮಾಡಿ. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಕೂರುತ್ತಾರೆ. ಕಂಪನಿ ಲುಧಿಯಾನದಂಥ ದೂರದ ಊರಿನದ್ದಾದರೂ ನೀವು ಅಲ್ಲಿಗೆ ಹೋಗಬೇಕಿಲ್ಲ. ದೂರು ಕೊಡುವವರು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಅಂದರೆ ಉಡುಪಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ. ಗ್ರಾಹಕರ ಕೋರ್ಟ್ ಅಂದರೆ ಅದೇ. ಮಗ ಇನ್ನೂ ಮೈನರ್, ತಾಯಿಯಾಗಿ ನೀವೇ ಹಾಕಬಹುದು. ಕೋರ್ಟ್ ಫೀ ಇಲ್ಲ. ಫೀ ಲೆಕ್ಕ ಹಾಕುವುದು ನೀವು ಕೇಳುವ ಪರಿಹಾರದ ಮೇಲಲ್ಲ, ವಸ್ತುವಿಗೆ ಕೊಟ್ಟ ಹಣದ ಮೇಲೆ, ಮತ್ತು 5 ಲಕ್ಷದವರೆಗೆ ಅದು ಸೊನ್ನೆ. ವಕೀಲರು ಕಡ್ಡಾಯ ಅಲ್ಲ, ನೀವೇ ನಿಂತು ಹೇಳಬಹುದು. ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಫೋನ್ 15100. ಮನೆಯಿಂದಲೇ ಹಾಕುವುದಾದರೆ ಇ-ಜಾಗೃತಿ ಅಂತ ಸರ್ಕಾರದ ವೆಬ್‌ಸೈಟ್ ಉಂಟು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಕನ್ನಡದಲ್ಲೇ ಮಾತಾಡಬಹುದು.

ಎಂತ ಎಲ್ಲ ಕೇಳಬಹುದು? ಆಸ್ಪತ್ರೆ, ಹಲ್ಲು, ಫಿಸಿಯೋಥೆರಪಿ, ಮುಂದೆ ಪ್ಲೇಟ್ ತೆಗೆಯುವ ಖರ್ಚು, ಮಗ ಪಟ್ಟ ನೋವು, ಅದರೊಟ್ಟಿಗಿನ ಮಾನಸಿಕ ವೇದನೆ. ಒಂದು ಸಣ್ಣ ಸೂಕ್ಷ್ಮ ಉಂಟು. ಈ ಅಧ್ಯಾಯದಲ್ಲಿ "ಹಾನಿ" ಅಂದರೆ ಮೈಗೆ, ಬೇರೆ ಆಸ್ತಿಗೆ ಆದದ್ದು. ಆ ಸೈಕಲ್ಲಿಗೇ ಆದ ನಷ್ಟ ಅದರಲ್ಲಿ ಬರುವುದಿಲ್ಲ. ಸೈಕಲ್ಲಿನ ಹಣವನ್ನು ದೋಷ ಇರುವ ಸರಕು ಅಂತ ಬೇರೆಯಾಗಿ, ಅದೇ ದೂರಿನಲ್ಲಿ ಕೇಳಬೇಕು. ಇದನ್ನು ಬೆರೆಸಿ ಬರೆದು ಎಡವಿದವರನ್ನು ನೋಡಿದ್ದೇನೆ.

ಪೆಡಲನ್ನು ಲ್ಯಾಬಿಗೆ ಕಳಿಸಿ ಅಂತ ಆಯೋಗವನ್ನೇ ಕೇಳಬಹುದು, 38ನೇ ಸೆಕ್ಷನ್. ಆಯೋಗದವರು ಸೀಲ್ ಹಾಕಿ ಕಳಿಸುತ್ತಾರೆ, 45 ದಿನದೊಳಗೆ ವರದಿ ಕೊಡಬೇಕು ಅಂತ ನಿಯಮ. ಅದರ ಖರ್ಚನ್ನು ಮೊದಲು ನೀವು ಕಟ್ಟಬೇಕಾಗುತ್ತದೆ. ಸುರತ್ಕಲ್ಲಿನ ಎನ್ಐಟಿಕೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಶಾಸ್ತ್ರ ವಿಭಾಗವೇ ಉಂಟು, ಅಲ್ಲಿಗೆ ಕಳಿಸಿ ಅಂತ ಅರ್ಜಿಯಲ್ಲಿ ಹೆಸರಿಸಿ ಕೇಳಿ.

ಬಸ್ಸಿನ ಇನ್ಶೂರೆನ್ಸ್ ವಿಷಯ. ನಿಮಗೆ ಸರಿ ಕಾಣದ್ದು ಸರಿಯೇ. ಬಸ್ಸು ಮುಟ್ಟಿಯೇ ಇಲ್ಲ. ಮೋಟಾರು ಅಪಘಾತದ ಟ್ರಿಬ್ಯೂನಲ್ ಇರುವುದು ಮೋಟಾರು ವಾಹನದಿಂದ ಆದ ಅಪಘಾತಕ್ಕೆ. ಸುಳ್ಳು ಕೇಸು ಹಾಕಿದರೆ ನಿಮ್ಮ ನಿಜವಾದ ಕೇಸೂ ಕೆಡುತ್ತದೆ. ಮತ್ತೆ, ಮಗನ ಜೀವ ಉಳಿಸಿದ ಡ್ರೈವರನಿಗೆ ಹಾಗೆ ಮಾಡುವುದಾ?

ನನಗೆ ಎರಡು ವಿಷಯ ತಿಳಿಯಬೇಕು. ಸೈಕಲ್ ತಂದ ಮೇಲೆ ಬೇರೆ ಯಾರಾದರೂ ಅದರಲ್ಲಿ ಏನಾದರೂ ಕೆಲಸ ಮಾಡಿದ್ದಾರಾ? ವಸ್ತುವನ್ನು ಬದಲಾಯಿಸಿದ್ದರೆ, ದುರ್ಬಳಕೆ ಮಾಡಿದ್ದರೆ ಮಾರಿದವರಿಗೆ 87ನೇ ಸೆಕ್ಷನ್ನಿನಲ್ಲಿ ತಪ್ಪಿಸಿಕೊಳ್ಳುವ ದಾರಿ ಉಂಟು. ಎರಡನೆಯದು, ಬೀಳುವ ಮೊದಲು ಅಂಗಡಿಗೆ ಏನಾದರೂ ತಿಳಿಸಿದ್ದಿರಾ? ಮುಚ್ಚಿಡದೆ ಹೇಳಿ.

ಬಿಕರ್ನಕಟ್ಟೆ

ವಕೀಲರು ಹೇಳಿದ್ದನ್ನು ದಯವಿಟ್ಟು ಕೇಳಿ ಅಕ್ಕ. ನಾನು ಕೇಳದೆ ಕೆಟ್ಟವನು.

2021ರಲ್ಲಿ ನನ್ನ ಸೈಕಲ್ಲಿನ ಮುಂದಿನ ಚಕ್ರ ಹಿಡಿಯುವ ಫೋರ್ಕ್ ತುಂಡಾಗಿ ಬಿದ್ದೆ. ನಂತೂರಿನಿಂದ ಮನೆಗೆ ಬರುವಾಗ, ಸಪಾಟು ರಸ್ತೆಯಲ್ಲಿ. ತೋಳಿನ ಹತ್ತಿರ ಕಾಲರ್ ಮೂಳೆ ಮುರಿಯಿತು, ಹುಬ್ಬಿಗೆ ಏಳು ಹೊಲಿಗೆ. ಸೈಕಲ್ ತಂದು ಆರೇ ತಿಂಗಳು. ಆಸ್ಪತ್ರೆಯಿಂದ ಬಂದ ಮೇಲೆ ನಾನೇ ಮುರಿದ ಜಾಗ ನೋಡಿದ್ದೆ. ಪೈಪಿನ ವೆಲ್ಡಿಂಗ್ ಹತ್ತಿರ ಅರ್ಧ ಚಂದ್ರನಷ್ಟು ಭಾಗ ಕಪ್ಪಾಗಿ ತುಕ್ಕು ಹಿಡಿದಿತ್ತು, ಉಳಿದ ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ಬಿರುಕು ಎಷ್ಟೋ ದಿನದಿಂದ ಒಳಗೇ ಇತ್ತು, ನೀರು ಕುಡಿದಿತ್ತು. ಬೆಳ್ಳಗಿನ ಭಾಗ ಮಾತ್ರ ಆ ದಿನ ಮುರಿದದ್ದು. ಇದೆಲ್ಲ ನನಗೆ ಈಗ ಗೊತ್ತು. ಆಗ ಒಂದು ಫೋಟೋ ಕೂಡ ತೆಗೆಯಲಿಲ್ಲ.

ಅಂಗಡಿಯವರು ತುಂಬಾ ಚೆನ್ನಾಗಿ ಮಾತಾಡಿದರು. ಹೊಸ ಫೋರ್ಕ್ ಹಾಕಿಕೊಟ್ಟರು, ಮೇಲಿಂದ ಒಂದು ಹೆಲ್ಮೆಟ್ ಕೊಟ್ಟರು. ಒಂದು ಕಾಗದಕ್ಕೆ ಸೈನ್ ಹಾಕಿಸಿದರು, ಓದದೆ ಹಾಕಿದೆ. ಮೂರು ತಿಂಗಳ ನಂತರ ಭುಜ ಎತ್ತಲು ಆಗದೆ ಎರಡನೇ ಆಪರೇಷನ್ ಬೇಕಾಯಿತು. ಆಗ ವಕೀಲರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: ಮುರಿದ ಫೋರ್ಕ್ ಎಲ್ಲಿ? ಅಂಗಡಿಗೆ ಓಡಿದೆ. ಗುಜರಿಗೆ ಹೋಯಿತಲ್ವಾ ಅಂದರು. ಕಾಗದದಲ್ಲಿ ಬರೆದದ್ದು, ಇನ್ನು ಮುಂದೆ ನನ್ನ ಯಾವ ತಕರಾರೂ ಇಲ್ಲ ಅಂತ. ಅಲ್ಲಿಗೆ ಮುಗಿಯಿತು.

ಈಗಲೂ ಮಳೆಗಾಲದಲ್ಲಿ ಭುಜ ನೋಯುತ್ತದೆ. ಆಗೆಲ್ಲ ಆ ಕಪ್ಪು ಅರ್ಧ ಚಂದ್ರ ಕಣ್ಣ ಮುಂದೆ ಬರುತ್ತದೆ. ನಿಮ್ಮ ಹತ್ತಿರ ಪೆಡಲ್ ಉಂಟು. ಅದನ್ನು ಯಾರ ಕೈಗೂ ಕೊಡಬೇಡಿ.

ಇಂದ್ರಾಳಿ ಟೈಲರ್

ಮುಚ್ಚಿಡದೆ ಹೇಳುತ್ತೇನೆ.

ಜೂನ್ 4ಕ್ಕೆ ಸಂತೆಕಟ್ಟೆಯ ಒಂದು ಪಂಕ್ಚರ್ ಅಂಗಡಿಯಲ್ಲಿ ಮಡ್‌ಗಾರ್ಡ್ ಹಾಕಿಸಿದ್ದೆ. ಮಳೆಗೆ ಬೆನ್ನೆಲ್ಲ ಕೆಸರು ಅಂತ ಮಗ ಹೇಳಿದ್ದಕ್ಕೆ. ಹಿಂದೆ ಮುಂದೆ ಎರಡು, 220 ರೂಪಾಯಿ. ಬೇರೇನೂ ಮಾಡಿಸಿಲ್ಲ.

ಎರಡನೆಯದನ್ನು ಬರೆಯಲು ಕಷ್ಟವಾಗುತ್ತಿದೆ. ಬೀಳುವ ಎರಡು ದಿನ ಮೊದಲು ಮಗ, "ಅಮ್ಮ, ಎಡಗಾಲಿನ ಹತ್ತಿರ ಕಟಕ್ ಕಟಕ್ ಅಂತ ಶಬ್ದ ಬರ್ತಿದೆ" ಅಂದಿದ್ದ. ನಾನು ಒಂದು ಮದುವೆಯ ಹನ್ನೆರಡು ಬ್ಲೌಸ್ ಹೊಲಿಯುತ್ತಾ ಕೂತಿದ್ದೆ. ಎದ್ದು ಹೋಗಿ ನೋಡಲಿಲ್ಲ. ಅಂಗಡಿಯ ನಂಬರಿಗೆ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿದೆ. ಅವರೂ ವಾಯ್ಸಿನಲ್ಲೇ ಉತ್ತರ ಕೊಟ್ಟರು: "ಹೊಸ ಸೈಕಲ್ಲಲ್ವಾ ಅಕ್ಕ, ಓಡಿಸ್ತಾ ಓಡಿಸ್ತಾ ಸರಿಯಾಗ್ತದೆ. ಒಂದು ತಿಂಗಳು ಆದ ಮೇಲೆ ಫ್ರೀ ಸರ್ವೀಸಿಗೆ ತನ್ನಿ." ಎರಡೂ ಮೆಸೇಜ್ ಫೋನಿನಲ್ಲಿ ಹಾಗೇ ಉಂಟು. ಅಂದು ಸಂಜೆಯೇ ನಾನು ಸೈಕಲ್ ತೆಗೆದುಕೊಂಡು ಹೋಗಿದ್ದರೆ ಅಂತ ಎಷ್ಟು ಸಲ ಅನಿಸಿದೆಯೋ.

ಇನ್ನೊಂದು, ಡಿಸ್ಚಾರ್ಜ್ ಕಾಗದದಲ್ಲಿ "ಸೈಕಲ್ ಸ್ಕಿಡ್ ಆಗಿ ಬಿದ್ದು" ಅಂತ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಅದರಿಂದ ತೊಂದರೆ ಉಂಟಾ?

ಉಡುಪಿ ವಕೀಲ

ಅಕ್ಕಾ, ಮೊದಲು ಒಂದು ಮಾತು. ನೀವು ಕೇಳಿದಿರಿ. ಸೈಕಲ್ ಜೋಡಿಸಿದವರನ್ನೇ ಕೇಳಿದಿರಿ. ಓಡಿಸಿ ಅಂತ ಅವರು ಹೇಳಿದರು. ಪೆಡಲ್ ಸುಲಭವಾಗಿ ನೋಡಬಹುದಾದ ಜಾಗ, ಶಬ್ದ ಬರುತ್ತಿದೆ ಅಂದ ಕೂಡಲೇ ತರಿಸಿ ನೋಡಬೇಕಾದದ್ದು ಅವರ ಕೆಲಸ. ಈ ಮೆಸೇಜು ನಿಮ್ಮ ತಪ್ಪು ತೋರಿಸುವುದಿಲ್ಲ, ಅವರದ್ದನ್ನು ತೋರಿಸುತ್ತದೆ.

ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ, ಚಾಟ್ ಡಿಲೀಟ್ ಮಾಡಬೇಡಿ. ಧ್ವನಿ ಸಂದೇಶವನ್ನು ಹಾಜರುಪಡಿಸುವಾಗ ಅದರೊಟ್ಟಿಗೆ ಒಂದು ಪ್ರಮಾಣಪತ್ರ ಕೊಡಬೇಕು. ಮೊದಲು ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ ಹೆಸರಿನಲ್ಲಿ ಅದನ್ನು 65ಬಿ ಅನ್ನುತ್ತಿದ್ದೆವು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಬಂದಿದೆ. ಕಾನೂನು ಸೇವೆಯ ವಕೀಲರು ಮಾಡಿಕೊಡುತ್ತಾರೆ.

ಮಡ್‌ಗಾರ್ಡಿಗೂ ಪೆಡಲಿಗೂ ಸಂಬಂಧ ಇಲ್ಲ. ಆದರೂ ದೂರಿನಲ್ಲಿ ನೀವೇ ಅದನ್ನು ಬರೆಯಿರಿ. ನಾವು ಹೇಳಿದರೆ ಅದೊಂದು ಸಂಗತಿ, ಅವರು ಹುಡುಕಿ ಹೇಳಿದರೆ ಅದು ನಾವು ಮುಚ್ಚಿಟ್ಟದ್ದು ಆಗುತ್ತದೆ. ಮಡ್‌ಗಾರ್ಡ್ ಮಾತ್ರ ಹಾಕಿದ್ದೇನೆ, ಪೆಡಲ್ ಮುಟ್ಟಿಲ್ಲ ಅಂತ ಪಂಕ್ಚರ್ ಅಂಗಡಿಯವರಿಂದ ಒಂದು ಅಫಿಡವಿಟ್ ಸಿಕ್ಕಿದರೆ ಒಳ್ಳೆಯದು.

ಡಿಸ್ಚಾರ್ಜ್ ಕಾಗದದ್ದು ಎಲ್ಲ ಕಡೆ ಬರುವ ತೊಂದರೆ. ಮಗು ನೋವಿನಲ್ಲಿ ಅಳುತ್ತಿರುವಾಗ ಕರೆತಂದವರು ಹೇಳಿದ್ದನ್ನು ಡ್ಯೂಟಿ ಡಾಕ್ಟರು ಬರೆದುಕೊಳ್ಳುತ್ತಾರೆ. ತಿದ್ದಿಸಲು ಹೋಗಬೇಡಿ. ಕರೆತಂದದ್ದು ಯಾರು, ಅವರು ಬೀಳುವುದನ್ನು ನೋಡಿದ್ದರಾ ಅಂತ ಅಫಿಡವಿಟ್ಟಿನಲ್ಲಿ ವಿವರಿಸಿ. ಬಸ್ಸಿನ ಡ್ರೈವರ್, ಕಂಡಕ್ಟರ್ ಸಿಕ್ಕಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅದೇ ಹೊತ್ತಿಗೆ ಆ ರೂಟಿನಲ್ಲಿ ಓಡುವ ಬಸ್ಸು ಯಾವುದು ಅಂತ ಸ್ಟ್ಯಾಂಡಿನಲ್ಲಿ ಕೇಳಿದರೆ ಗೊತ್ತಾಗುತ್ತದೆ.

ಈಗ ಇಬ್ಬರಿಗೂ ನೋಟಿಸ್ ಕಳಿಸಿ, ಸ್ಪೀಡ್ ಪೋಸ್ಟಿನಲ್ಲಿ. 15 ದಿನ ಸಮಯ ಕೊಡಿ. ನೋಟಿಸಿನಲ್ಲಿ ಸೈಕಲ್ ಮತ್ತು ಪೆಡಲ್ ನನ್ನ ಹತ್ತಿರ ಇದ್ದ ಹಾಗೇ ಉಂಟು, ಬಂದು ನೋಡಬಹುದು, ತೆಗೆದುಕೊಂಡು ಹೋಗುವಂತಿಲ್ಲ ಅಂತ ಬರೆಯಿರಿ. ರಾಜಿಗೆ ಬಂದರೆ ಬೇಡ ಅನ್ನಬೇಡಿ. ಆಯೋಗದಲ್ಲೂ ಮಧ್ಯಸ್ಥಿಕೆಗೆ ಕಳಿಸುವ ವ್ಯವಸ್ಥೆ ಉಂಟು. ಆದರೆ ಮುಂದಿನ ಆಪರೇಷನ್ ಖರ್ಚು ಸೇರದ ಯಾವ ಕಾಗದಕ್ಕೂ ಸೈನ್ ಬೇಡ.

ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಿದರೆ, ಲ್ಯಾಬ್ ಪರೀಕ್ಷೆ ಇದ್ದರೆ ಐದು ತಿಂಗಳೊಳಗೆ ಮುಗಿಸಲು ನೋಡಬೇಕು ಅಂತ ಕಾನೂನು ಹೇಳುತ್ತದೆ. ಅದಕ್ಕಿಂತ ಜಾಸ್ತಿ ಹಿಡಿದರೆ ಧೈರ್ಯ ಕೆಡಬೇಡಿ. ಅವರು ಸೋತು ಮೇಲ್ಮನವಿ ಹೋಗಬೇಕಾದರೆ ಆದೇಶದ ಹಣದ ಅರ್ಧ ಮೊದಲು ಕಟ್ಟಬೇಕು.

ಮಂಗಳೂರು ಸೈಕ್ಲಿಸ್ಟ್

ಬೆಳಿಗ್ಗೆ ಲೇಡಿಹಿಲ್ ಕಡೆಯಿಂದ ತಣ್ಣೀರುಬಾವಿ, ಪಣಂಬೂರು ಅಂತ ತಿರುಗುವ ನಮ್ಮ ಗುಂಪಿನಲ್ಲಿ ಇದನ್ನು ಓದಿ ಹೇಳಿದೆ. ಅಲ್ಲೇ ನಿಲ್ಲಿಸಿ ಎಲ್ಲರೂ ತಮ್ಮ ಪೆಡಲಿನ ಅಕ್ಷರ ನೋಡಿಕೊಂಡರು.

"ಹುಡುಗ ಸ್ಟಂಟ್ ಮಾಡಿರಬೇಕು" ಅನ್ನುವ ಮಾತಿಗೆ ಇಷ್ಟು ಹೇಳಬೇಕು. ದೊಡ್ಡ ದೊಡ್ಡ ಕಂಪನಿಗಳೇ ದೋಷ ಒಪ್ಪಿಕೊಂಡು ವಾಪಸ್ ಕರೆಸಿದ ಉದಾಹರಣೆ ಉಂಟು. 2023ರ ಸೆಪ್ಟೆಂಬರಿನಲ್ಲಿ ಶಿಮಾನೊ ಕಂಪನಿ ತನ್ನ 11 ಸ್ಪೀಡಿನ ಕ್ರ್ಯಾಂಕ್‌ಗಳನ್ನು ಪರೀಕ್ಷೆಗೆ ವಾಪಸ್ ಕರೆಯಿತು. ಅಮೆರಿಕದಲ್ಲೇ ಸುಮಾರು 6,80,000. ಅಂಟಿಸಿದ ಭಾಗ ಬಿಟ್ಟುಕೊಂಡ ದೂರು 4,519 ಬಂದಿತ್ತು, ಆರು ಜನರಿಗೆ ಪೆಟ್ಟಾಗಿತ್ತು. 2015ರಲ್ಲಿ ಟ್ರೆಕ್ ಕಂಪನಿ ಅಮೆರಿಕದಲ್ಲಿ ಸುಮಾರು 9 ಲಕ್ಷ ಸೈಕಲ್ ವಾಪಸ್ ಕರೆಯಿತು. ಮುಂದಿನ ಚಕ್ರದ ಲಿವರ್ ಜಾಸ್ತಿ ತೆರೆದುಕೊಂಡು ಡಿಸ್ಕ್ ಬ್ರೇಕಿಗೆ ಸಿಕ್ಕಿಕೊಳ್ಳುತ್ತಿತ್ತು. ಅದರಲ್ಲಿ ಒಬ್ಬರಿಗೆ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿತು. ಒಂದು ಸಣ್ಣ ಲಿವರ್, ಅಷ್ಟೇ.

ನಮ್ಮಲ್ಲೂ 2019ರ ಕಾಯ್ದೆಯ ಪ್ರಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಪಾಯಕಾರಿ ವಸ್ತುವನ್ನು ವಾಪಸ್ ಕರೆಸುವ ಅಧಿಕಾರ ಉಂಟು. ಅಕ್ಕ, ಅದೇ ವಾರ ಆ ಅಂಗಡಿಯಿಂದ ಹೋದ ಬೇರೆ ಸೈಕಲ್ಲುಗಳ ಮಕ್ಕಳನ್ನು ನೆನೆದರೆ ಹೆದರಿಕೆಯಾಗುತ್ತದೆ. ಒಬ್ಬನೇ ಮೂರು ಸೈಕಲ್ ಒಟ್ಟಿಗೆ ಜೋಡಿಸುತ್ತಿದ್ದ ಅಂದಿರಲ್ಲ.

ಇಂದ್ರಾಳಿ ಟೈಲರ್

ನಿಮ್ಮೆಲ್ಲರ ಉತ್ತರ ಮಗನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬೈದದ್ದಕ್ಕೆ ಅವನ ಹತ್ತಿರ ತಪ್ಪಾಯಿತು ಅಂದೆ. ಅವನು ಏನೂ ಹೇಳಲಿಲ್ಲ, ಎದ್ದು ಹೋಗಿ ಸೈಕಲ್ಲಿನ ಹತ್ತಿರ ಕೂತು ಬಲದ ಪೆಡಲಿಗೆ ಟಾರ್ಚ್ ಬಿಟ್ಟು ನೋಡಿದ. ಕೈ ಹಾಕಲಿಲ್ಲ. ಸ್ಪ್ಯಾನರ್ ಹಾಕುವ ಜಾಗದಲ್ಲಿ ಎಲ್ ಅಂತ ಕಾಣುತ್ತಿದೆ. ಕ್ರ್ಯಾಂಕಿಗೂ ಪೆಡಲಿಗೂ ನಡುವೆ ಒಂದು ರೂಪಾಯಿ ನಾಣ್ಯ ನುಗ್ಗುವಷ್ಟು ಸಂದಿ ಉಂಟು. ಫೋಟೋ ತೆಗೆದಿದ್ದೇವೆ. ಆಮೇಲೆ ಅವನಿಗೇ ಹೊಳೆಯಿತು, ಸೈಕಲ್ ತಂದ ದಿನ ಲಿಂಬೆಹಣ್ಣು ಇಟ್ಟು ಪೂಜೆ ಮಾಡಿ ತೆಗೆದ ಫೋಟೋ ಉಂಟು ಅಂತ. ದೊಡ್ಡದು ಮಾಡಿ ನೋಡಿದರೆ ಅದರಲ್ಲೂ ಅದೇ ಸಂದಿ ಕಾಣುತ್ತದೆ.

ಅಂಗಡಿಗೆ ಫೋನ್ ಮಾಡಿ ಸೈಕಲ್ ಕೊಡುವುದಿಲ್ಲ ಅಂದೆ. ಪೆಡಲನ್ನು ಒರೆಸದೆ, ಚೂರು ಉದುರದ ಹಾಗೆ ಬಟ್ಟೆಯಲ್ಲಿ ಸುತ್ತಿ, ಡಬ್ಬದಲ್ಲಿ ಹಾಕಿ, ದೇವರ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಸೋಮವಾರ ಕಾನೂನು ಸೇವೆಯವರ ಹತ್ತಿರ ಹೋಗುತ್ತೇನೆ. ಬಸ್ಸಿನವರನ್ನು ತಮ್ಮ ಹುಡುಕುತ್ತಿದ್ದಾನೆ.

ರಿಪೇರಿ ಅಣ್ಣ, ಪೆಡಲಿನ ವಿಷಯ ಆಯೋಗದಲ್ಲಿ ಹೇಳುವವರು ಬೇಕಾದರೆ ನೀವು ಬರುತ್ತೀರಾ? ಕೇಳಲು ಸಂಕೋಚವಾಗುತ್ತದೆ.

ಬಂದರು ಸೈಕಲ್ ರಿಪೇರಿ

ಸಂಕೋಚ ಎಂತಕ್ಕೆ ಅಮ್ಮಾ. ತಾರೀಕು ಹೇಳಿ, ಅಂಗಡಿ ಮುಚ್ಚಿ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತುತ್ತೇನೆ. ಒಂದು ಹೊಸ ಕ್ರ್ಯಾಂಕ್, ಒಂದು ಜೊತೆ ಪೆಡಲ್, 15 ನಂಬರ್ ಸ್ಪ್ಯಾನರ್ ತರುತ್ತೇನೆ. ಸರಿಯಾಗಿ ಹಾಕಿದರೆ ಕೈಬೆರಳಲ್ಲೇ ಹೇಗೆ ಸಲೀಸಾಗಿ ಒಳಗೆ ಹೋಗುತ್ತದೆ, ತಪ್ಪಾಗಿ ಹಾಕಿದರೆ ಎಷ್ಟು ಬಲ ಬೇಕು ಅಂತ ಮೇಜಿನ ಮೇಲಿಟ್ಟು ಅಲ್ಲೇ ತೋರಿಸುತ್ತೇನೆ. ಬಾಯಲ್ಲಿ ಹೇಳುವುದಕ್ಕಿಂತ ಅದು ಬೇಗ ಅರ್ಥವಾಗುತ್ತದೆ.